ಎಡಗೋಡೆಯ ಲೆಕ್ಕ

ಯಂತ್ರ ಬಂದ ದಿನ ಗಣಿಯಲ್ಲಿ ಕರೆಂಟ್ ಇರಲಿಲ್ಲ. ಬೆಂಗಳೂರಿನ ಹೆಡ್ಡಾಫೀಸಿನಿಂದ ಜೀಪಿನಲ್ಲಿ, ಎರಡು ಕಂಬಳಿಯೊಳಗೆ ಸುತ್ತಿ ತಂದಿದ್ದರು. ಬಿಚ್ಚಿ ನೋಡಿದರೆ ಟೈಪ್‌ರೈಟರಿಗಿಂತ ಚಿಕ್ಕದಾದ ಬೂದು ಬಣ್ಣದ ಪೆಟ್ಟಿಗೆ. ಮುಂದೆ ಸಾಲುಸಾಲು ಗುಂಡಿಗಳು, ಮೇಲೆ ಅಂಕಿ ಕಾಣುವ ಕಪ್ಪು ಗಾಜು, ಒಂದು ಬದಿಯಲ್ಲಿ, ಒತ್ತಿದ್ದೂ ಉತ್ತರವೂ ಅಚ್ಚಾಗುವ, ಬಸ್ ಟಿಕೆಟ್ಟಿನಷ್ಟು ಅಗಲದ ಕಾಗದದ ಸುರುಳಿ. ನಾವೆಲ್ಲ ಸುತ್ತ ನಿಂತು ನೋಡಿದೆವು. ಮ್ಯಾನೇಜರು ಒಂದು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಪ್ಲಗ್ಗು ಕೈಯಲ್ಲೇ ಇತ್ತು, ಹಾಕುವುದಕ್ಕೆ ಕರೆಂಟ್ ಇಲ್ಲ. "ಸಾಯಂಕಾಲ ನೋಡೋಣ" ಎಂದು ಅವರು ಹೋದರು. ನಾನು ಮಾತ್ರ ಅದರ ಜೊತೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕ ಹಿಡಿದು ಕೂತೆ.

ಅದು ಎಪ್ಪತ್ತರ ದಶಕದ ಕೊನೆಯ ಭಾಗ. ಹೊಸದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವ ದಾರಿ ಬಿಟ್ಟು ಗುಡ್ಡ ಹತ್ತಿದರೆ ನಮ್ಮ ಗಣಿ. ಮ್ಯಾಂಗನೀಸ್ ಅದಿರು ತೆಗೆಯುತ್ತಿದ್ದರು. ಗುಡ್ಡದ ಹೊಟ್ಟೆಗೆ ಅಡ್ಡಡ್ಡ ಸುರಂಗ ಕೊರೆದು, ಅದಿರಿನ ಪಟ್ಟೆ ಎತ್ತ ಹೋಗುತ್ತದೋ ಅತ್ತ ಹೋಗುವುದು. ನಾನು ಸರ್ವೆ ಆಫೀಸಿನಲ್ಲಿ ಲೆಕ್ಕ ಮಾಡುವವಳು. ಸರ್ವೆಯರು ಸುರಂಗದೊಳಗೆ ಥಿಯೋಡೊಲೈಟ್ ನಿಲ್ಲಿಸಿ ಕೋನ ಓದಿ, ಟೇಪು ಹಿಡಿದು ದೂರ ಅಳೆದು, ಫೀಲ್ಡ್ ಬುಕ್ಕಿನಲ್ಲಿ ಬರೆದು ತರುತ್ತಿದ್ದರು. ನಾನು ಲಾಗ್ ಟೇಬಲ್ಲು ಮುಂದಿಟ್ಟುಕೊಂಡು ಸೈನು, ಕೊಸೈನು ಹುಡುಕಿ, ಕೂಡಿ ಕಳೆದು, ಸುರಂಗದ ತುದಿ ಈಗ ಎಲ್ಲಿದೆ ಎಂದು ಹೇಳಬೇಕು. ಡ್ರಾಫ್ಟ್ಸ್‌ಮನ್ ಅದನ್ನು ನಕ್ಷೆಗೆ ಏರಿಸುತ್ತಿದ್ದರು. ಹೆಂಗಸರು ನೆಲದೊಳಗೆ ಕೆಲಸಕ್ಕೆ ಇಳಿಯುವುದನ್ನು ಕಾನೂನು ಒಪ್ಪುತ್ತಿರಲಿಲ್ಲ. ಹಾಗಾಗಿ ನಾನು ಲೆಕ್ಕ ಹಾಕುತ್ತಿದ್ದ ಸುರಂಗವನ್ನು ನಾನೇ ಒಂದು ಸಲವೂ ನೋಡಿರಲಿಲ್ಲ.

ಆ ಲೆಕ್ಕಕ್ಕೆ ಅಷ್ಟು ಮಹತ್ವ ಬಂದದ್ದು ಎಡಗಡೆಯ ನೀರಿನಿಂದ. ನಮ್ಮ ಸುರಂಗದ ಎಡಕ್ಕೆ, ಬಂಡೆಯ ಆಚೆ, ಬ್ರಿಟಿಷರ ಕಾಲದ ಹಳೆಯ ಸುರಂಗವೊಂದಿತ್ತು. ಬಿಟ್ಟು ಎಷ್ಟೋ ವರ್ಷವಾಗಿ ಒಳಗೆ ನೀರು ತುಂಬಿಕೊಂಡಿತ್ತು. ಅದರ ಗೆರೆಯನ್ನು ಆ ಕಾಲದ ಹಳೆಯ ನಕ್ಷೆಯಿಂದ ನಮ್ಮ ನಕ್ಷೆಗೆ ಇಳಿಸಿಕೊಂಡಿದ್ದೆವು. ಅದಿರಿನ ಪಟ್ಟೆ ನಮ್ಮನ್ನು ಸ್ವಲ್ಪಸ್ವಲ್ಪವೇ ಆ ಕಡೆಗೆ ಎಳೆಯುತ್ತಿತ್ತು. ನಡುವಿನ ಬಂಡೆಯ ಗೋಡೆ ಹತ್ತು ಮೀಟರಿಗೆ ಇಳಿದರೆ ಮದ್ದು ಹಾರಿಸುವುದು ನಿಲ್ಲಿಸಬೇಕು, ಮೊದಲು ಸಣ್ಣ ಉದ್ದ ತೂತು ಕೊರೆದು ಮುಂದೆ ನೀರಿದೆಯೇ ನೋಡಬೇಕು ಎಂಬುದು ನಮ್ಮ ಗಣಿಗೆ ಹಾಕಿದ್ದ ಷರತ್ತು. ಗೋಡೆ ಎಷ್ಟು ಉಳಿದಿದೆ ಎಂದು ಹೇಳಲು ಯಾರೂ ಬಂಡೆಯೊಳಗೆ ಕಣ್ಣು ಹಾಯಿಸುವಂತಿಲ್ಲ. ಲೆಕ್ಕವೊಂದೇ ದಾರಿ. ಕೈಯಲ್ಲಿ ಮಾಡಿದರೆ ನಾನು ಒಂದು ಉತ್ತರ ಕೊಡುವಷ್ಟರಲ್ಲಿ ಸುರಂಗ ಇನ್ನೂ ಮುಂದೆ ಹೋಗಿರುತ್ತಿತ್ತು. ಅದಕ್ಕೇ ಯಂತ್ರ ತರಿಸಿದ್ದು.

ಯಂತ್ರಕ್ಕೆ ಗುಣಿಸು, ಭಾಗಿಸು, ಸೈನು ಕೊಡು ಎಂದರೆ ಕೊಡುತ್ತಿತ್ತು. ಆದರೆ ನಮ್ಮ ಇಡೀ ಲೆಕ್ಕವನ್ನು ಅದಕ್ಕೆ ಕಲಿಸಬೇಕಾದರೆ ಯಾವ ಗುಂಡಿ ಆದ ಮೇಲೆ ಯಾವ ಗುಂಡಿ ಎಂದು ಸರತಿಯಲ್ಲಿ ಬರೆದು ಒಂದೊಂದಾಗಿ ಒತ್ತಿ ಕೂಡಿಸಬೇಕು. ಅದಕ್ಕೆ ಪ್ರೋಗ್ರಾಂ ಎಂದು ಹೆಸರು. ಒತ್ತಿದ್ದನ್ನು ಚೂಯಿಂಗ್ ಗಮ್ ಪಟ್ಟಿಯಂಥ ಸಣ್ಣ ಕಾರ್ಡಿನ ಮೇಲೆ ಉಳಿಸಿಕೊಳ್ಳಬಹುದು. ಕಾರ್ಡು ಸೀಳಿನೊಳಗೆ ಬಿಟ್ಟರೆ ಯಂತ್ರ ಎಳೆದುಕೊಂಡು, ಮರೆತಿದ್ದನ್ನು ಮತ್ತೆ ಕಲಿಯುತ್ತಿತ್ತು. ಮರೆಯುವುದೇನೋ ದಿನಾ ಮರೆಯುತ್ತಿತ್ತು. ಗುಡ್ಡದ ಮೇಲೆ, ಬಂಡೆ ಕೊರೆಯುವ ಜಾಕ್‌ಹ್ಯಾಮರಿಗೆ ಗಾಳಿ ಕೊಡುವ ಕಂಪ್ರೆಸರ್ ಶುರುವಾದ ಕೂಡಲೇ ಆಫೀಸಿನ ಬಲ್ಬು ಮಂಕಾಗಿ, ಗಾಜಿನೊಳಗಿನ ಕೆಂಪು ಅಂಕಿಗಳು ಮಿಣುಕಿ, ಒಳಗಿದ್ದದ್ದೆಲ್ಲ ಹೋಗಿಬಿಡುತ್ತಿತ್ತು.

ಕಲಿಸಿಕೊಡುವವರು ಯಾರೂ ಇರಲಿಲ್ಲ. ಜೀಪಿನಲ್ಲಿ ಬಂದಿದ್ದ ಎಂಜಿನಿಯರು ಸಂಜೆ ಕರೆಂಟ್ ಬಂದ ಮೇಲೆ ಆನ್ ಮಾಡುವುದು, ಆಫ್ ಮಾಡುವುದು ತೋರಿಸಿ ಅದೇ ಜೀಪಿನಲ್ಲಿ ಚಿತ್ರದುರ್ಗಕ್ಕೆ ಹೋದರು. ನಾನು ಚಿತ್ರದುರ್ಗದ ಕಾಲೇಜಿನಲ್ಲಿ ಗಣಿತ ಓದಿದವಳು. ಸೂತ್ರ ಗೊತ್ತಿತ್ತು, ಸೂತ್ರವನ್ನು ಗುಂಡಿಗಳ ಸರತಿಯಾಗಿ ಒಡೆಯುವುದು ಗೊತ್ತಿರಲಿಲ್ಲ. ಗ್ರಾಫ್ ಹಾಳೆಯಲ್ಲಿ ಒಂದೊಂದು ಚೌಕಕ್ಕೆ ಒಂದೊಂದು ಗುಂಡಿಯ ಹೆಸರು ಬರೆದು, ಪಕ್ಕದಲ್ಲಿ ಆಗ ಗಾಜಿನಲ್ಲಿ ಏನು ಕಾಣಬೇಕು ಎಂದು ಬರೆದುಕೊಂಡೆ. ಮೊದಲ ಸಲ ಓಡಿಸಿದಾಗ ಸುರಂಗದ ತುದಿ ಗುಡ್ಡದ ಆಚೆ, ಯಾರದೋ ಹೊಲದಲ್ಲಿ ಬಂತು. ಡ್ರಾಫ್ಟ್ಸ್‌ಮನ್ ನಕ್ಕರು. "ಅಲ್ಲೂ ಅದಿರು ಐತೇನಮ್ಮ?" ಎಂದರು. ಪಕ್ಕದಲ್ಲಿದ್ದ ಸಣ್ಣ ಸ್ವಿಚ್ಚು ಡಿಗ್ರಿ ಬಿಟ್ಟು ಬೇರೆ ಅಳತೆಯ ಮೇಲೆ ಕೂತಿತ್ತು. ಅದು ಸರಿಹೋದ ಮೇಲೆ ಇನ್ನೊಂದು ತೊಡಕು. ಸರ್ವೆಯರು ಕೋನವನ್ನು ಡಿಗ್ರಿ, ನಿಮಿಷ ಎಂದು ಬರೆಯುತ್ತಾರೆ. ಯಂತ್ರಕ್ಕೆ ದಶಮಾಂಶ ಬೇಕು. ಅದಕ್ಕೂ ಒಂದು ಉಪಾಯ ಕೂಡಿಸಿದೆ. ಡಿಗ್ರಿ ಒತ್ತಿ, ಚುಕ್ಕೆ ಒತ್ತಿ, ನಿಮಿಷ ಒತ್ತಿದರೆ ಸಾಕು. ಚುಕ್ಕೆಯ ಮುಂದಿನ ಎರಡು ಅಂಕಿಯನ್ನು ಯಂತ್ರವೇ ನಿಮಿಷ ಎಂದು ತೆಗೆದುಕೊಂಡು ಅರವತ್ತರಿಂದ ಭಾಗಿಸಿಕೊಳ್ಳುತ್ತದೆ. ಹಳೆಯ ಫೀಲ್ಡ್ ಬುಕ್ಕಿನ ಲೆಕ್ಕಗಳನ್ನೆಲ್ಲ ಮತ್ತೆ ಹಾಕಿ ನೋಡಿದೆ. ಲಾಗ್ ಟೇಬಲ್ಲಿನ ಉತ್ತರಕ್ಕೂ ಯಂತ್ರದ ಉತ್ತರಕ್ಕೂ ಕೂದಲೆಳೆಯಷ್ಟೇ ಅಂತರ. ಅಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವುದೂ ಮರೆತುಹೋಗಿತ್ತು.

ಮ್ಯಾನೇಜರು ಕೋಲಾರದ ಗಣಿಗಳಲ್ಲಿ ಕೆಲಸ ಮಾಡಿ ಬಂದವರು. ಮಾತು ಕಡಿಮೆ, ಆತುರ ಹೆಚ್ಚು. ಯಂತ್ರ ಕ್ಷಣದಲ್ಲಿ ಉತ್ತರ ಹಾಕುವುದನ್ನು ನಿಂತು ನೋಡಿ, "ಚೆನ್ನಾಗಿದೆ. ಆದರೆ ನಿಮಗೆ ಜ್ವರ ಬಂದರೆ?" ಎಂದು ಕೇಳಿದರು. "ಬರೆದಿಡ್ರಿ. ಯಾರು ಬಂದು ಕೂತರೂ ಮಾಡೋ ಹಾಗಿರಬೇಕು."

ಡ್ರಾಫ್ಟ್ಸ್‌ಮನ್ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಎಸ್ಸೆಸ್ಸೆಲ್ಸಿ ತನಕ. ಹಾಗಾಗಿ ಕನ್ನಡದಲ್ಲೇ ಬರೆದೆ. ಬರೆಯುವಾಗ ಪಕ್ಕದಲ್ಲಿ ಅವರನ್ನು ಕೂರಿಸಿಕೊಂಡು, ಅರ್ಥವಾಗದ ಕಡೆ ತಿದ್ದಿದೆ. ಆಮೇಲೆ ಅವರೇ ತಮ್ಮ ಮುತ್ತಿನಂಥ ಅಕ್ಷರದಲ್ಲಿ ದೊಡ್ಡ ಹಾಳೆಗೆ ಇಳಿಸಿ ಗೋಡೆಗೆ ಅಂಟಿಸಿದರು. ಅದರಲ್ಲಿ ಹೀಗಿತ್ತು: "ಮೊದಲು ಪಕ್ಕದ ಸ್ವಿಚ್ಚು ಡಿಗ್ರಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಮುಂದೆ ಮಾಡಿದ್ದೆಲ್ಲ ದಂಡ. ಕಾರ್ಡಿನ ಬಾಣ ಮೇಲಿರಲಿ. ಸೀಳಿನೊಳಗೆ ಬಿಡಿ, ತಳ್ಳಬೇಡಿ, ಅದೇ ಎಳೆದುಕೊಳ್ಳುತ್ತದೆ. ಕೋನವನ್ನು ಡಿಗ್ರಿ, ಚುಕ್ಕೆ, ನಿಮಿಷ ಎಂದು ಒತ್ತಿ. ನೂರಾ ಎಪ್ಪತ್ತಾರು ಡಿಗ್ರಿ ನಲವತ್ತೆರಡು ನಿಮಿಷವಾದರೆ 176.42. ನಡುವೆ ಅಂಕಿ ಮಿಣುಕಿದರೆ ಕಂಪ್ರೆಸರ್ ಶುರುವಾಗಿದೆ ಎಂದು ತಿಳಿಯಿರಿ. ಮುಂದುವರಿಸಬೇಡಿ. ಕಾರ್ಡು ಮತ್ತೆ ಹಾಕಿ ಮೊದಲಿನಿಂದ ಮಾಡಿ." ಅವರು ನನ್ನೆದುರೇ ಮೂರ್ನಾಲ್ಕು ಲೆಕ್ಕ ಮಾಡಿ ತೋರಿಸಿದರು. ಎಲ್ಲವೂ ಸರಿ ಬಂದವು.

ಆ ಹೊತ್ತಿಗೆ ಐಮಂಗಲದಲ್ಲಿದ್ದ ನನ್ನ ಅಕ್ಕನಿಗೆ ದಿನ ತುಂಬಿ, ನೋವು ಬಂದು ಹಿರಿಯೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಸುದ್ದಿ ಬಂತು. ಅಪ್ಪ ಬಾಗೂರಿನ ಕಡೆ ಕುರಿ ಮಂದೆಯ ಹಿಂದೆ ಇದ್ದರು, ಅಮ್ಮನಿಗೆ ಒಬ್ಬಳೇ ಬಸ್ಸು ಹತ್ತಿ ಅಭ್ಯಾಸವಿಲ್ಲ. ರಜೆ ಬರೆದುಕೊಟ್ಟು ಹೊರಟೆ. ಹೆರಿಗೆ ಕಷ್ಟವಾಯಿತು. ಮಗು ಉಳಿಯಿತು, ಅಕ್ಕನಿಗೆ ಜ್ವರ ಇಳಿಯಲೊಲ್ಲದು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತರೆ ಕೂರಲಾಗದು, ಎದ್ದರೆ ಹೋಗುವುದಕ್ಕೆ ಜಾಗವಿಲ್ಲ. ಅಕ್ಕನ ಜ್ವರದ ಚೀಟಿಯಲ್ಲಿ ನರ್ಸು ಬರೆಯುವ ಅಂಕಿ ನೋಡಿದಾಗೆಲ್ಲ ನನಗೆ ಯಂತ್ರದ ಕೆಂಪು ಅಂಕಿ ನೆನಪಾಗುತ್ತಿತ್ತು. ಡ್ರಾಫ್ಟ್ಸ್‌ಮನ್ ಸ್ವಿಚ್ಚು ನೋಡಿದರೋ ಇಲ್ಲವೋ, ಕಾರ್ಡು ಉಲ್ಟಾ ಹಾಕಿದರೋ. ಅಕ್ಕನೇ ಒಂದು ದಿನ, "ನಿನ್ನ ಜೀವ ಇಲ್ಲಿಲ್ಲ. ನಂಗೆ ಈಗ ಪರವಾಗಿಲ್ಲ, ಹೋಗೇ" ಎಂದಳು. ಜ್ವರ ಇಳಿದ ಮಾರನೆಯ ಬೆಳಿಗ್ಗೆ ಹೊಸದುರ್ಗದ ಬಸ್ಸು ಹಿಡಿದು, ಅಲ್ಲಿಂದ ಅದಿರಿನ ಲಾರಿಯಲ್ಲಿ ಗುಡ್ಡ ಹತ್ತಿದೆ.

ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಒಬ್ಬರೇ ಇದ್ದರು. ಮ್ಯಾನೇಜರೂ ಸರ್ವೆಯರೂ ಯಾವುದೋ ಮೀಟಿಂಗಿಗೆ ನಕ್ಷೆಯ ಪ್ರತಿ ಹಿಡಿದು ದುರ್ಗಕ್ಕೆ ಹೋಗಿದ್ದರು. "ನಿಮ್ಮ ಯಂತ್ರ ನಿಲ್ಲಿಸಿಲ್ಲಮ್ಮ, ದಿನಾ ಓಡ್ಸೀನಿ" ಎಂದು ಅವರು ಹೆಮ್ಮೆಯಿಂದ ನಕ್ಷೆ ಬಿಡಿಸಿ ತೋರಿಸಿದರು. ಗೋಡೆ ಹದಿನೈದು ಮೀಟರು ಉಳಿದಿದೆ ಎಂದು ಪಕ್ಕದಲ್ಲಿ ಬರೆದಿತ್ತು. ಅದನ್ನು ನೋಡಿಯೇ ಮ್ಯಾನೇಜರು ಕೆಲಸ ಜೋರು ಮಾಡಿ ಎಂದು ಹೇಳಿ ಹೋಗಿದ್ದರು.

ನನಗೆ ನಕ್ಷೆಯ ಗೆರೆ ಸರಿ ಕಾಣಲಿಲ್ಲ. ನಾನು ಹೋಗುವಾಗ ಎಡಕ್ಕೆ ವಾಲಿಕೊಂಡು ಹೋಗುತ್ತಿದ್ದ ಸುರಂಗ ಈಗ ನಿಧಾನಕ್ಕೆ ಬಲಕ್ಕೆ ಬಾಗಿತ್ತು.

"ಅಣ್ಣಾರೆ, ಸುರಂಗ ಬಲಕ್ಕೆ ತಿರುಗಿಸಿದರಾ?"

"ಇಲ್ಲಲ್ಲ. ಮೇಸ್ತ್ರಿ ದಾರ ಕಟ್ಕಂಡು ನೆಟ್ಟಗೇ ಹೊಡಿತಾ ಅವ್ನೆ."

"ಮತ್ತೆ ಗೆರೆ ಯಾಕೆ ಬಾಗಿದೆ?"

"ಯಂತ್ರ ಹೇಳ್ದಂಗೆ ಏರ್ಸೀನಿ ನಾನು. ಒಂದು ಅಂಕಿ ಆಚೀಚೆ ಮಾಡಿಲ್ಲ." ಅವರ ಮುಖ ಬಿಗಿದುಕೊಂಡಿತು. "ನಿಮ್ಮ ಹಾಳೆ ನೋಡ್ಕಂಡೇ ಮಾಡಿರದು."

ಅವರ ಕೆಲಸ ಅಷ್ಟು ಅಚ್ಚುಕಟ್ಟು ಎಂದು ನನಗೂ ಗೊತ್ತಿತ್ತು. ಸ್ವಿಚ್ಚು ನೋಡಿದೆ, ಡಿಗ್ರಿಯಲ್ಲೇ ಇತ್ತು. ಕಾರ್ಡು ಹಾಕಿ ಹಳೆಯ ಲೆಕ್ಕವೊಂದನ್ನು ನಾನೇ ಒತ್ತಿದೆ, ಸರಿಯಾಗಿಯೇ ಬಂತು. ಯಂತ್ರ ಕೆಟ್ಟಿಲ್ಲ, ಪ್ರೋಗ್ರಾಂ ಕೆಟ್ಟಿಲ್ಲ, ಮನುಷ್ಯನೂ ಅಜಾಗರೂಕನಲ್ಲ. ಮತ್ತೆ ಗೆರೆ ಬಾಗಿದ್ದು ಹೇಗೆ? ಸುರಂಗಕ್ಕೆ ಬಾಯಿ ಒಂದೇ, ಆ ಕಡೆ ತುದಿ ಮುಚ್ಚಿದೆ. ಹೊರಗಿನ ಸರ್ವೆಯಾದರೆ ಸುತ್ತಿ ಬಂದು ಶುರುವಾದ ಕಲ್ಲಿಗೇ ಮುಟ್ಟಿಸಿ ತಪ್ಪು ಹಿಡಿಯಬಹುದು. ಇಲ್ಲಿ ಹಾಗೆ ಮುಟ್ಟಿಸುವುದಕ್ಕೆ ಏನೂ ಇಲ್ಲ.

"ಇನ್ನೊಂದು ಸಲ ಮಾಡೋಣ ಬರ್ರಿ. ನಾನು ಓದ್ತೀನಿ, ನೀವು ಒತ್ತಿ" ಎಂದೆ.

ಅವರು ಮನಸ್ಸಿಲ್ಲದೆ ಕೂತರು. ನಾನು ಫೀಲ್ಡ್ ಬುಕ್ಕು ಹಿಡಿದು ಓದಿದೆ. "ನೂರಾ ಎಪ್ಪತ್ತೆಂಟು ಡಿಗ್ರಿ, ಆರು ನಿಮಿಷ." ಅವರ ಬೆರಳು ಒಂದು, ಏಳು, ಎಂಟು ಒತ್ತಿತು. ಚುಕ್ಕೆ ಒತ್ತಿತು. ಆರು ಒತ್ತಿತು. ಅಲ್ಲಿಂದ ನೇರ ಮುಂದಿನ ಗುಂಡಿಗೆ ಹೋಯಿತು.

ಆರು ನಿಮಿಷವೆಂದರೆ ಚುಕ್ಕೆಯ ಮುಂದೆ ಸೊನ್ನೆ ಒತ್ತಿ, ಆಮೇಲೆ ಆರು ಒತ್ತಬೇಕು. ಬರೀ ಆರು ಒತ್ತಿದರೆ ಯಂತ್ರ ಅದನ್ನು ಅರವತ್ತು ನಿಮಿಷ ಎಂದು ಓದುತ್ತದೆ. ನಾನು ಯಾವತ್ತೂ ಸೊನ್ನೆ ಹಾಕದೆ ಒತ್ತಿದವಳಲ್ಲ. ಅದು ನನ್ನ ಬೆರಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಬರೆಯಬೇಕಾದ ವಿಷಯ ಎಂದೇ ತೋಚಿರಲಿಲ್ಲ. ಉದಾಹರಣೆಗೆ ಆರಿಸಿಕೊಂಡದ್ದು ನಲವತ್ತೆರಡು ನಿಮಿಷ. ಅವರು ನನ್ನೆದುರು ಮಾಡಿ ತೋರಿಸಿದ ಲೆಕ್ಕಗಳಲ್ಲೂ ನಿಮಿಷಗಳೆಲ್ಲ ಎರಡಂಕಿಯವೇ ಆಗಿದ್ದವು.

ಫೀಲ್ಡ್ ಬುಕ್ಕು ತಿರುವಿದೆ. ನಾನಿಲ್ಲದ ದಿನಗಳ ಕೋನಗಳಲ್ಲಿ ಐದು ನಿಮಿಷ, ಎಂಟು ನಿಮಿಷ, ಏಳು ನಿಮಿಷ. ಏಳಕ್ಕೆ ಎಪ್ಪತ್ತು ನಿಮಿಷವಾಗಿತ್ತು. ಎಪ್ಪತ್ತು ನಿಮಿಷ ಎಂಬ ಕೋನವನ್ನು ಯಾವ ಸರ್ವೆಯರೂ ಬರೆಯುವುದಿಲ್ಲ, ಆದರೆ ಯಂತ್ರ ಯಾಕೆ ಎಂದು ಕೇಳುವುದಿಲ್ಲ. ತಪ್ಪುಗಳು ಅತ್ತಿತ್ತ ಆಗಿದ್ದರೆ ಒಂದನ್ನೊಂದು ಹೊಡೆದುಹಾಕುತ್ತಿದ್ದವೇನೋ. ಇವೆಲ್ಲ ಕೋನವನ್ನು ಹೆಚ್ಚು ಮಾಡುವ ತಪ್ಪುಗಳು, ಎಲ್ಲವೂ ಸುರಂಗವನ್ನು ಬಲಕ್ಕೇ ಎಳೆದಿದ್ದವು. ಕಾಗದದ ಮೇಲೆ ನಾವು ನೀರಿನಿಂದ ದೂರ ಸರಿಯುತ್ತಿದ್ದೆವು.

"ಮೊದಲಿನಿಂದ ಮಾಡಾಣ" ಎಂದರು ಡ್ರಾಫ್ಟ್ಸ್‌ಮನ್. ಅವರ ದನಿ ಇಳಿದಿತ್ತು. ಈಗ ನಾನು ಒತ್ತಿದೆ, ಅವರು ಓದಿದರು. ಅರ್ಧಕ್ಕೆ ಬರುವಷ್ಟರಲ್ಲಿ ಬಲ್ಬು ಮಂಕಾಗಿ ಅಂಕಿಗಳು ಅಳಿಸಿಹೋದವು. ಕಂಪ್ರೆಸರ್. ಕಾರ್ಡು ಹಾಕಿದೆ, ಧೂಳಿಗೋ ಏನೋ ಯಂತ್ರ ತಗೊಳ್ಳಲಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಹಾಕಿದೆ. ಮತ್ತೆ ಮೊದಲಿನಿಂದ. ಕೊನೆಗೆ ಸುರುಳಿಯ ಮೇಲೆ ಉತ್ತರ ಬಂತು. ಅದನ್ನು ನಕ್ಷೆಯ ಮೇಲೆ ಗುರುತಿಸಿ, ಹಳೆಯ ಸುರಂಗದ ಗೆರೆಗೆ ಸ್ಕೇಲು ಹಿಡಿದೆವು. ಗೋಡೆ ಎಂಟು ಮೀಟರೂ ಇರಲಿಲ್ಲ.

ಹೊರಗೆ ಕಂಪ್ರೆಸರ್ ನಿಂತಿತು. ಅಂದರೆ ಕುಳಿ ಕೊರೆಯುವುದು ಮುಗಿಯಿತು. ಇನ್ನು ಉಗ್ರಾಣದಿಂದ ಮದ್ದು ಒಳಗೆ ಹೋಗುತ್ತದೆ.

ದುರ್ಗಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಹೊಳಲ್ಕೆರೆ ಎಕ್ಸ್‌ಚೇಂಜಿನವರು, "ಲೈನ್ ಸಿಗ್ತಿಲ್ಲ ಮೇಡಂ, ಸ್ವಲ್ಪ ತಡೀರಿ" ಎಂದರು. ತಡೆಯುವುದಕ್ಕೆ ನನ್ನಿಂದ ಆಗಲಿಲ್ಲ. ನಕ್ಷೆ ಸುತ್ತಿ ಹಿಡಿದು ಸುರಂಗದ ಬಾಯಿಗೆ ಓಡಿದೆ. ಹಿಂದೆ ಡ್ರಾಫ್ಟ್ಸ್‌ಮನ್ ಬಂದರು. ಮದ್ದಿನ ಪೆಟ್ಟಿಗೆ ಹೊತ್ತವರು ಆಗಲೇ ಬಾಯಿಯ ಹತ್ತಿರ ಬಂದು ನಿಂತಿದ್ದರು. ಒಳಗೆ ಹೇಳಿ ಕಳಿಸಿದ ಮೇಲೆ ಪಾಳಿ ನಡೆಸುವ ಮೇಸ್ತ್ರಿ ಹೊರಗೆ ಬಂದರು. ಐವತ್ತರ ಆಸುಪಾಸಿನ, ಶ್ರೀರಾಂಪುರದ ಕಡೆಯ ಮನುಷ್ಯ. ಹೆಲ್ಮೆಟ್ಟಿನ ದೀಪ ಆರಿಸದೆಯೇ ನನ್ನ ಮುಂದೆ ನಿಂತರು.

"ಏನ್ ಮೇಡಮ್ಮಾರೆ?"

"ಇವತ್ತು ಮದ್ದು ಹಾಕಬೇಡಿ. ಗೋಡೆ ನಾವು ಅಂದುಕೊಂಡಷ್ಟು ಇಲ್ಲ. ಎಂಟು ಮೀಟರೂ ಇಲ್ಲ."

"ಸಾಹೇಬ್ರು ಹೊಡೀರಿ ಅಂದು ಹೋಗ್ಯಾರೆ."

"ಅವರಿಗೆ ಕೊಟ್ಟ ಲೆಕ್ಕ ತಪ್ಪಿತ್ತು. ಈಗ ಗೊತ್ತಾಯ್ತು."

ಅವರು ಡ್ರಾಫ್ಟ್ಸ್‌ಮನ್ ಮುಖ ನೋಡಿದರು, ನನ್ನ ಮುಖ ನೋಡಿದರು. "ನಿನ್ನೆ ಹದಿನೈದು ಅಂದ್ರಿ, ಇವತ್ತು ಎಂಟು ಅಂತೀರಿ. ನಾಳೆ ಎಷ್ಟು ಅಂತೀರೋ. ಕುಳಿ ಎಲ್ಲಾ ಹೊಡ್ಸೀನಿ. ಹುಡುಗ್ರನ್ನ ಸುಮ್ನೆ ಕುಂದ್ರುಸಿದ್ರೆ ಬೈಗುಳ ತಿನ್ನೋನು ನಾನು."

"ಎಡಗಡೆ ಗೋಡೆ ಒದ್ದೆ ಇದೆಯಾ?"

"ಬೆವರ್ತಾ ಐತೆ. ಮಳೆಗಾಲದಾಗೆ ಎಲ್ಲಾ ಬೆವರ್ತೈತೆ."

ನನಗೆ ಅವರ ಮೇಲೆ ಯಾವ ಅಧಿಕಾರವೂ ಇರಲಿಲ್ಲ. ಲೆಕ್ಕದ ಕೆಲಸದವಳು ಸುರಂಗದ ಬಾಯಿಗೆ ಬಂದು ಪಾಳಿ ನಿಲ್ಲಿಸಿ ಎನ್ನುವುದನ್ನು ಆ ಗಣಿಯಲ್ಲಿ ಯಾರೂ ಕಂಡಿರಲಿಲ್ಲ. ನಾನು ತಪ್ಪಾಗಿದ್ದರೆ ಕೆಲಸ ಹೋಗುತ್ತದೆ ಎಂಬ ಯೋಚನೆ ಬಂತು, ಅದರ ಹಿಂದೆಯೇ ನಾನು ಸರಿಯಾಗಿದ್ದರೆ ಎಂಬುದೂ ಬಂತು. ಮೇಸ್ತ್ರಿ ಮದ್ದು ಹೊತ್ತವರ ಕಡೆ ತಿರುಗಿದರು.

"ಬರೆದು ಕೊಟ್ಟರೆ ನಿಲ್ಲಿಸ್ತೀರಾ?" ಎಂದೆ.

ಅವರು ಮದ್ದು ಹೊತ್ತವರಿಗೆ ಪೆಟ್ಟಿಗೆ ಕೆಳಗಿಡಿ ಎಂದು ಕೈ ತೋರಿಸಿ, "ಕೊಡ್ರಿ. ಸಾಹೇಬ್ರು ಕೇಳಿದ್ರೆ ತೋರುಸ್ತೀನಿ" ಎಂದರು.

ಮದ್ದಿನ ಪೆಟ್ಟಿಗೆಯ ಮೇಲೆಯೇ ಕಾಗದ ಇಟ್ಟು, ಲೆಕ್ಕದಲ್ಲಿ ತಪ್ಪು ಕಂಡಿದೆ, ಮ್ಯಾನೇಜರು ಬರುವ ತನಕ ಸುರಂಗದ ತುದಿಯಲ್ಲಿ ಮದ್ದು ಹಾರಿಸಕೂಡದು ಎಂದು ಬರೆದು ಸಹಿ ಹಾಕಿದೆ. ಸಹಿಯ ಕೆಳಗೆ ಏನೆಂದು ಬರೆಯಬೇಕೋ ತಿಳಿಯಲಿಲ್ಲ, ಹೆಸರಷ್ಟೇ ಬರೆದೆ. ಡ್ರಾಫ್ಟ್ಸ್‌ಮನ್ ನನ್ನ ಕೈಯಿಂದ ಪೆನ್ನು ತಗೊಂಡರು. ಕೆಲಸ ನಿಂತರೆ ಯಾಕೆ ನಿಂತಿತು ಎಂದು ಕೇಳುತ್ತಾರೆ, ಕೇಳಿದರೆ ಯಾರ ಬೆರಳು ಎಂಬುದು ಹೊರಬರುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಹೆಸರಿನ ಕೆಳಗೆ, ನಕ್ಷೆಗೆ ಬರೆಯುವಷ್ಟೇ ಚೆಂದದ ಅಕ್ಷರದಲ್ಲಿ ತಮ್ಮ ಹೆಸರು ಬರೆದರು.

ಮ್ಯಾನೇಜರು ಮರುದಿನ ಬೆಳಿಗ್ಗೆ ಬಂದರು. ಕಾಗದ ಓದಿದರು. "ಯಾರ ಅಪ್ಪಣೆ ಇದು?" ಎಂದರು. ನಾನು ಸುರುಳಿ ಬಿಡಿಸಿ, ಆರು ಮತ್ತು ಸೊನ್ನೆ ಆರು ಎರಡನ್ನೂ ಅವರೆದುರು ಒತ್ತಿ ತೋರಿಸಿದೆ. ಅವರ ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಾಯಿಸಿತು. ಡ್ರಾಫ್ಟ್ಸ್‌ಮನ್‌ಗೆ ಮೆಮೊ ಕೊಡಬೇಕು ಎಂದರು. ಹಾಳೆಯಲ್ಲಿ ಇಲ್ಲದ್ದನ್ನು ಅವರು ಹೇಗೆ ಮಾಡಲು ಸಾಧ್ಯ, ಕೊಡುವುದಾದರೆ ಇಬ್ಬರಿಗೂ ಕೊಡಿ ಎಂದೆ. "ಮೊದಲು ತೂತು ಕೊರೀಲಿ, ಆಮೇಲೆ ನೋಡೋಣ" ಎಂದು ಎದ್ದರು.

ಜಾಕ್‌ಹ್ಯಾಮರಿಗೆ ಎರಡೆರಡು ಮೀಟರಿನ ಸಲಾಕೆಯ ಮೇಲೆ ಸಲಾಕೆ ಜೋಡಿಸಿ ಮುಂದಕ್ಕೆ ನೆಟ್ಟಗೆ ಮೊದಲ ಉದ್ದ ತೂತು ಕೊರೆದರು. ನಾನು ಆಫೀಸಿನಲ್ಲಿ. ಕಂಪ್ರೆಸರಿನ ಸದ್ದು ಕೇಳುತ್ತಾ, ಬಲ್ಬು ನೋಡುತ್ತಾ, ಕಿಟಕಿಗೂ ಮೇಜಿಗೂ ಓಡಾಡುತ್ತಾ. ಯಾರಾದರೂ ಬಂದು ಹೇಳುವ ತನಕ ನನಗೆ ಏನೂ ತಿಳಿಯುವುದಿಲ್ಲ. ಸರ್ವೆಯರು ಬಂದು ಬಾಗಿಲಲ್ಲೇ ನಿಂತು, "ಒಣಗಿದೆ. ಸಲಾಕೆ ಮುಗಿಯೋ ತನಕ ಒಣ ಪುಡಿನೇ ಬಂತು" ಎಂದರು.

ಆ ಮಧ್ಯಾಹ್ನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಸುಮ್ಮನೆ ಕೂತ ಪಾಳಿಯವರು ಹೊರಗೆ ಬೀಡಿ ಸೇದುತ್ತಾ ಆಫೀಸಿನ ಕಡೆ ನೋಡುತ್ತಿದ್ದರು. ಹೆಡ್ಡಾಫೀಸಿನಿಂದ ಅದಿರು ಯಾಕೆ ಕಡಿಮೆ ಬಂತು ಎಂದು ಫೋನು. ನಾನು ಲಾಗ್ ಟೇಬಲ್ಲು ತೆಗೆದು ಇಡೀ ಲೆಕ್ಕವನ್ನು ಕೈಯಲ್ಲಿ ಮಾಡಿದೆ. ಉತ್ತರ ಅದೇ. ಡ್ರಾಫ್ಟ್ಸ್‌ಮನ್ ಬೇರೆ ಮೇಜಿನಲ್ಲಿ ಕೂತು ನನ್ನನ್ನು ಕೇಳದೆ ತಾವೂ ಮಾಡಿದರು. ಅವರದೂ ಅದೇ. ಲೆಕ್ಕ ಸರಿ, ತೂತು ಒಣ. ಎರಡೂ ನಿಜವಾಗಿರುವುದು ಹೇಗೆ? ನಕ್ಷೆಯ ಮೇಲೆ ಸ್ಕೇಲು ಇಟ್ಟು ತೂತಿನ ಗೆರೆ ಎಳೆದಾಗ ಹೊಳೆಯಿತು. ನೆಟ್ಟಗೆ ಕೊರೆದ ತೂತು ಹಳೆಯ ಸುರಂಗದ ಪಕ್ಕದಲ್ಲೇ, ಅದನ್ನು ಮುಟ್ಟದೆ ಹೋಗುತ್ತಿತ್ತು. ನೀರು ಇರುವುದು ಮುಂದಲ್ಲ, ಎಡಕ್ಕೆ.

ಮ್ಯಾನೇಜರ ಮೇಜಿನ ಮೇಲೆ ನಕ್ಷೆ ಹಾಸಿದೆ. "ಎಡಕ್ಕೆ ಓರೆಯಾಗಿ ಒಂದು ಕೊರೆಸಿ ಸಾರ್. ಏಳು, ಏಳೂವರೆ ಮೀಟರಿಗೆ ನೀರು ಸಿಗದಿದ್ದರೆ ನಾನೇ ರಾಜೀನಾಮೆ ಬರೆದುಕೊಡ್ತೀನಿ."

ಅವರು ನಕ್ಷೆಯನ್ನೇ ತುಂಬ ಹೊತ್ತು ನೋಡಿದರು. "ರಾಜೀನಾಮೆ ನನಗೆ ಬೇಡ. ನೀರು ಎಲ್ಲಿದೆ ಅನ್ನೋದು ಬೇಕು" ಎಂದು ಹೆಲ್ಮೆಟ್ಟು ಹಾಕಿಕೊಂಡು ಅವರೇ ಒಳಗೆ ಹೋದರು.

ಈ ಸಲ ನಾನು ಆಫೀಸಿನಲ್ಲಿ ಕೂರಲಿಲ್ಲ. ಸುರಂಗದ ಬಾಯಿಯ ಹೊರಗೆ, ನನಗೆ ನಿಲ್ಲಲು ಅನುಮತಿ ಇದ್ದಷ್ಟು ಹತ್ತಿರ ನಿಂತೆ. ಜಾಕ್‌ಹ್ಯಾಮರಿನ ಸದ್ದು ಒಳಗಿನಿಂದ ಹಲ್ಲುನೋವಿನ ಹಾಗೆ ಬರುತ್ತಿತ್ತು. ಶುರುವಾಗಿ ಬಹಳ ಹೊತ್ತೂ ಆಗಿರಲಿಲ್ಲ, ಥಟ್ಟನೆ ನಿಂತಿತು. ಕೂಗು ಕೇಳಿತು. ಆಮೇಲೆ ಜನ ಓಡಿ ಬಂದರು. ಕೊನೆಗೆ ಮೇಸ್ತ್ರಿಯೂ ಮ್ಯಾನೇಜರೂ, ಇಬ್ಬರೂ ಅಡಿಯಿಂದ ಮುಡಿಯವರೆಗೆ ತೊಯ್ದು ಬಂದರು. ನೀರು ಸಲಾಕೆಯನ್ನೇ ಹಿಂದಕ್ಕೆ ಎಸೆದಿತ್ತು. ಮರದ ಗೂಟ ಬಡಿದು ತೂತು ಮುಚ್ಚುವಷ್ಟರಲ್ಲಿ ಮೂರು ಜನ ಮೈಭಾರ ಹಾಕಬೇಕಾಯಿತಂತೆ.

"ಏಳು ಮೀಟರಾ ಸಾರ್?" ಎಂದು ಕೇಳಿದೆ.

ಮ್ಯಾನೇಜರು ಕನ್ನಡಕ ಒರೆಸಿಕೊಳ್ಳುತ್ತಾ ತಲೆ ಆಡಿಸಿದರು. "ಎರಡನೇ ಸಲಾಕೆ ಜೋಡಿಸೇ ಇರಲಿಲ್ಲಮ್ಮ."

ಆ ಮಾತು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೊದಲನೇ ಸಲಾಕೆಯಲ್ಲೇ ನೀರು ಸಿಕ್ಕಿದ್ದರೆ ಗೋಡೆ ಎರಡು ಮೀಟರೂ ಇರಲಿಲ್ಲ. ಡ್ರಾಫ್ಟ್ಸ್‌ಮನ್ ಮಾಡಿದ ಹದಿನೈದು ತಪ್ಪು, ನಾನು ಮಾಡಿದ ಎಂಟೂ ನಿಜವಲ್ಲ. ನಮ್ಮ ಸುರಂಗ ಎಲ್ಲಿದೆ ಎಂದು ನಾನು ಸರಿಯಾಗಿಯೇ ಹೇಳಿದ್ದೆ. ನೀರು ಎಲ್ಲಿದೆ ಎಂದು ಹೇಳಿದ್ದು ಹಳೆಯ ನಕ್ಷೆ. ಅದನ್ನು ಬರೆದವರು ಎಲ್ಲವನ್ನೂ ಬರೆದಿರಲಿಲ್ಲ. ಅವರ ಬಗ್ಗೆ ನನಗೆ ಸಿಟ್ಟು ಬರಲಿಲ್ಲ. ತಮಗೆ ಗೊತ್ತಿದ್ದ ವಿಷಯ, ಬರೆಯುವುದೇನು ಎಂದುಕೊಂಡಿರಬೇಕು.

ಪಂಪು ಇಟ್ಟು ಹಳೆಯ ಸುರಂಗವನ್ನು ಬರಿದು ಮಾಡುವುದು ಆ ಮಳೆಗಾಲವೆಲ್ಲ ನಡೆಯಿತು. ಮೆಮೊ ಯಾರಿಗೂ ಬರಲಿಲ್ಲ. ಗೋಡೆಯ ಹಾಳೆಯನ್ನು ನಾವು ಕಿತ್ತು ಹೊಸದಾಗಿ ಬರೆದೆವು. ಈ ಸಲ ನಾನು ಹೇಳಿ ಅವರು ಬರೆಯಲಿಲ್ಲ. ಅವರು ಯಂತ್ರದ ಮುಂದೆ ಕೂತು ತಮ್ಮ ಪಾಡಿಗೆ ಲೆಕ್ಕ ಮಾಡಿದರು, ನಾನು ಹಿಂದೆ ನಿಂತು ಅವರ ಬೆರಳು ಎಲ್ಲೆಲ್ಲಿ ತಡೆಯುತ್ತದೆ, ಎಲ್ಲೆಲ್ಲಿ ತಡೆಯದೆ ಹೋಗುತ್ತದೆ ಎಂದು ನೋಡಿ ಬರೆದುಕೊಂಡೆ. ನಿಮಿಷ ಒಂದಂಕಿಯದಾದರೆ ಮೊದಲು ಸೊನ್ನೆ ಎಂಬ ಸಾಲು ಕೆಂಪಿನಲ್ಲಿ ಬಂತು. ಒಬ್ಬರು ಓದಬೇಕು, ಒಬ್ಬರು ಒತ್ತಬೇಕು, ಒತ್ತಿದವರು ಸುರುಳಿಯಿಂದ ತಿರುಗಿ ಓದಿ ಹೇಳಬೇಕು ಎಂಬುದೂ ಬಂತು. ಒಬ್ಬರೇ ಇದ್ದ ದಿನ ಲೆಕ್ಕ ಇಲ್ಲ. ಮ್ಯಾನೇಜರಿಗೆ ಇದು ಇಷ್ಟವಾಗಲಿಲ್ಲ, ಆದರೆ ಕಿತ್ತುಹಾಕಿ ಎಂದೂ ಹೇಳಲಿಲ್ಲ. ನನಗೆ ಮಾತ್ರ ಎಷ್ಟೋ ದಿನ ಯಾವ ಉತ್ತರವನ್ನೂ ಒಂದೇ ಸಲಕ್ಕೆ ನಂಬುವುದಾಗಲಿಲ್ಲ.

ನೀರು ಇಳಿದ ಮೇಲೆ ಸರ್ವೆಯರು ಹಳೆಯ ಸುರಂಗದೊಳಗೆ ಹೋಗಿ ಅಳೆದು ಬಂದರು. ಮುಖ್ಯ ಸುರಂಗದಿಂದ ಬಲಕ್ಕೆ, ನಮ್ಮ ಕಡೆಗೆ, ಹಳೆಯ ನಕ್ಷೆಯಲ್ಲಿ ಇಲ್ಲದ ಒಂದು ಗೂಡನ್ನು ಕಡಿದಿದ್ದರು. ಅದಿರು ಹುಡುಕಿ ಸಿಗದೆ ಬಿಟ್ಟಿರಬೇಕು. ಡ್ರಾಫ್ಟ್ಸ್‌ಮನ್ ಓದಿದರು, ನಾನು ಒತ್ತಿ, ತಿರುಗಿ ಓದಿ ಹೇಳಿದೆ. ಅವರು ಆ ಗೂಡನ್ನು ನಕ್ಷೆಗೆ ಏರಿಸುತ್ತಿರುವಾಗ ಮೇಸ್ತ್ರಿ ಬಾಗಿಲಿಗೆ ಬಂದು ನಿಂತರು. ಅವರು ಆಫೀಸಿನೊಳಗೆ ಬಂದದ್ದೇ ಅಪರೂಪ.

"ಬರ್ರಿ, ಕುಂತ್ಕಳ್ರಿ" ಎಂದರು ಡ್ರಾಫ್ಟ್ಸ್‌ಮನ್.

ಅವರು ಕೂರಲಿಲ್ಲ. ನಕ್ಷೆಯ ಮೇಲೆ ಬಗ್ಗಿ, "ಇದು ನಾವು ಆವತ್ತು ನಿಂತಿದ್ದ ಜಾಗ ಏನ್ರಿ?" ಎಂದು ಕೇಳಿದರು.

"ಹೌದು."

"ಇದು ನೀರು?"

"ಹೌದು."

ಎರಡು ಗೆರೆಗಳ ನಡುವೆ ಕಿರುಬೆರಳಿನ ಉಗುರು ಇಟ್ಟು ನೋಡಿದರು. ನಡುವೆ ಉಗುರು ಹಿಡಿಯಲಿಲ್ಲ. ಆ ದಿನ ಕೊರೆದಿದ್ದ ಮದ್ದಿನ ಕುಳಿಗಳಲ್ಲಿ ಎಡಗಡೆಯ ಸಾಲು ಎಷ್ಟು ಉದ್ದ, ಅದರ ಆಚೆ ಬಂಡೆ ಎಷ್ಟು ಉಳಿದಿತ್ತು ಎಂದು ಅವರಿಗೆ ನಾವು ಹೇಳಬೇಕಾಗಿರಲಿಲ್ಲ.

ಅವರು ನೆಟ್ಟಗಾದರು. ನಮ್ಮಿಬ್ಬರನ್ನೂ ನೋಡದೆ, ಕಿಟಕಿಯ ಕಡೆ ನೋಡುತ್ತಾ, ಆವತ್ತಿನ ಪಾಳಿಯ ಹಾಜರಿ ಕರೆಯುವ ಹಾಗೆ ಒಂದೊಂದೇ ಹೆಸರು ಹೇಳತೊಡಗಿದರು. "ತಿಪ್ಪೇಸ್ವಾಮಿ. ಈರಣ್ಣ. ಕರಿಯಪ್ಪ. ಅವನ ತಮ್ಮ. ಬಾಷಾ. ಸಲಾಕೆ ಹಿಡಿಯೋ ರಂಗಪ್ಪ." ಡ್ರಾಫ್ಟ್ಸ್‌ಮನ್ ಪೆನ್ನು ಕೆಳಗಿಟ್ಟರು. ಮೇಸ್ತ್ರಿ ಇನ್ನೂ ಯಾರನ್ನೋ ನೆನಪು ಮಾಡಿಕೊಳ್ಳುವವರಂತೆ ತಡೆದು, ಕೊನೆಗೆ, "ಮತ್ತೆ ನಾನು" ಎಂದರು.